ಗಿರಣಿಯ ಕೈಮಾತು

ಆಗಷ್ಟೇ ಬೀಸಿದ ಜೋಳದ ಹಿಟ್ಟಿಗೆ ಒಂದು ವಾಸನೆಯಿದೆ. ಗೊತ್ತಿಲ್ಲದವರಿಗೆ ಅದನ್ನು ಹೇಳಿ ತಿಳಿಸಲಾಗದು, ಗೊತ್ತಿದ್ದವರಿಗೆ ಹೇಳಬೇಕಾಗಿಯೇ ಇಲ್ಲ. ಮೊದಲು ಕಾದ ಕಲ್ಲಿನ ವಾಸನೆ, ಅದರ ಹಿಂದೆ ಸ್ವಲ್ಪ ಸಿಹಿ, ಅದಕ್ಕೂ ಹಿಂದೆ ಎಲ್ಲೋ ಕಣದ ಧೂಳು. ಈಗ ಅಂಗಡಿಯಲ್ಲಿ ಸಿಗುವ ಹಿಟ್ಟಿಗೆ ಬರೀ ಪ್ಯಾಕೆಟ್ಟಿನ ವಾಸನೆ. ನಾನೂ ಅದನ್ನೇ ತರುತ್ತೇನೆ, ಅದರಲ್ಲೇ ರೊಟ್ಟಿ ಬಡಿಯುತ್ತೇನೆ, ರೊಟ್ಟಿ ಹರಿದಾಗಲೆಲ್ಲ ಕಂಪನಿಯವರನ್ನು ಬೈಯುತ್ತೇನೆ. ಮೊನ್ನೆ ಸಂಜೆ ಆಳಂದದ ಬಜಾರಿನಲ್ಲಿ ಮಗಳ ಜೊತೆ ನಡೆಯುತ್ತಿದ್ದಾಗ ಎರಡು ಮೊಬೈಲ್ ಅಂಗಡಿಗಳ ಸಂದಿಯಿಂದ ಆ ಹಳೆಯ ವಾಸನೆ ಬಂದು ಮುಖಕ್ಕೆ ಹೊಡೆಯಿತು. ಒಳಗೆ ಯಾರದೋ ಪುಟ್ಟ ಗಿರಣಿ. ನಾನು ನಿಂತುಬಿಟ್ಟೆ. ಮಗಳು ಫೋನು ನೋಡುತ್ತಲೇ ಮುಂದೆ ಹೋಗಿ, ನಾನು ಪಕ್ಕದಲ್ಲಿಲ್ಲದ್ದು ತಿಳಿದು ತಿರುಗಿ ಬಂದಳು. ಇಂಗ್ಲಿಷಿನ 'ರನ್' ಎಂಬ ಕ್ರಿಯಾಪದಕ್ಕೆ ಎಷ್ಟು ಅರ್ಥಗಳಿವೆಯೋ ಅಷ್ಟನ್ನೂ ಬರೆದುಕೊಂಡು ಬನ್ನಿ ಎಂದು ಅವಳ ಶಾಲೆಯಲ್ಲಿ ಹೇಳಿದ್ದರು. ಬೆರಳಿನಿಂದ ಎಷ್ಟು ಮೇಲೆ ಸರಿಸಿದರೂ ಅವಳ ಫೋನಿನಲ್ಲಿ ಆ ಅರ್ಥಗಳು ಮುಗಿಯುತ್ತಿರಲಿಲ್ಲ. "ಅವ್ವಾ, ಇದೇನ್ ಶಬ್ದೋ ಧರ್ಮಶಾಲೆಯೋ? ಯಾವ ಅರ್ಥ ಬಂದ್ರೂ ಒಳಗ ಕರ್ಕೊಂಡದ" ಎಂದಳು. ಅಷ್ಟರಲ್ಲಿ ನನ್ನ ಬಲಗೈ ತಾನಾಗಿಯೇ ಮೇಲೆದ್ದು, ತೋರುಬೆರಳು ಗಾಳಿಯಲ್ಲಿ ಗಿರಗಿರನೆ ಸುತ್ತತೊಡಗಿತ್ತು. "ಏನ್ ಮಾಡಾಕತ್ತಿ? ಮಂದಿ ನೋಡಾಕತ್ತಾರ" ಎಂದು ಮಗಳು ನನ್ನ ಕೈಯನ್ನು ಕೆಳಗೆ ಎಳೆದಳು. ಅವಳಿಗೆ ಏನು ಹೇಳಲಿ? ಹೇಳಬೇಕೆಂದರೆ ನೀಲಾ ಅತ್ತಿಯಿಂದ ಶುರುಮಾಡಬೇಕು. ನೀಲಾ ಅತ್ತಿಯ ಮಾತು ಬಂದರೆ ಗಿರಣಿಯ ಮಾತು ಬಂದೇ ಬರುತ್ತದೆ.

ಜೇವರ್ಗಿಯಲ್ಲಿ ವಿಜಯಪುರದ ರಸ್ತೆಗೆ ಮುಖಮಾಡಿ ನಮ್ಮ ಅಜ್ಜನ ಹಿಟ್ಟಿನ ಗಿರಣಿ ಇತ್ತು. ಗಿರಣಿಯ ಹಿಂದಿನ ಗೋಡೆಯೇ ನಮ್ಮ ಮನೆಯ ಮುಂದಿನ ಗೋಡೆ. ನಡುವೆ ಒಂದು ಗಿಡ್ಡ ಬಾಗಿಲು, ಅದಕ್ಕೆ ಎಲ್ಲರೂ ಒಮ್ಮೆಯಾದರೂ ತಲೆ ಬಡಿಸಿಕೊಂಡವರೇ. ಡೀಸೆಲ್ ಇಂಜಿನ್ನು ಬೆಳಿಗ್ಗೆ ಅಜ್ಜನ ಲಿಂಗಪೂಜೆ ಮುಗಿದ ಮೇಲೆ ಚಾಲೂ ಆದರೆ ಮಧ್ಯಾಹ್ನದ ಊಟದವರೆಗೆ ಬಾಯಿ ಮುಚ್ಚುತ್ತಿರಲಿಲ್ಲ. ಇಂಜಿನ್ನಿನಿಂದ ಕಲ್ಲಿಗೆ ಅಗಲವಾದ ಪಟ್ಟಾ ಹಾಯ್ದಿರುತ್ತಿತ್ತು, ಅದು ಪಟಪಟ ಹೊಡೆದುಕೊಳ್ಳುವ ಸದ್ದು ಮನೆಯ ಮಣ್ಣಿನ ಗೋಡೆಯೊಳಗೂ ಸೇರಿಕೊಂಡಿತ್ತು. ಗೋಡೆಗೆ ಬೆನ್ನು ಕೊಟ್ಟು ಕೂತರೆ ಬೆನ್ನಿಗೆ ತಿಳಿಯುತ್ತಿತ್ತು, ಗಿರಣಿ ನಡೆದಿದೆ ಎಂದು. ಹಿಟ್ಟು ಎಲ್ಲೆಲ್ಲೂ ಇರುತ್ತಿತ್ತು. ದೇವರ ಜಗಲಿಯ ಮೇಲೆ, ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ, ಅಜ್ಜನ ಮೀಸೆಯಲ್ಲಿ. ಅಜ್ಜನ ಹಣೆಯ ವಿಭೂತಿ ಯಾವುದು, ಹಿಟ್ಟು ಯಾವುದು ಎಂದು ನನಗೆ ಬಹಳ ಕಾಲ ಗೊಂದಲವಿತ್ತು. ಅಜ್ಜಿ ನಾನು ಹುಟ್ಟುವ ಮೊದಲೇ ಲಿಂಗೈಕ್ಯಳಾಗಿದ್ದಳು. ಅಪ್ಪ ತಹಶೀಲ ಕಚೇರಿಯ ಕೆಲಸಕ್ಕೆ ಹೋಗಿಬಿಡುತ್ತಿದ್ದ. ಹಗಲು ಹೊತ್ತು ಆ ಸದ್ದಿನೊಳಗೆ ನಾವು ನಾಲ್ವರೇ: ಅಜ್ಜ, ಅವ್ವ, ನೀಲಾ ಅತ್ತಿ, ನಾನು.

ಆ ಸದ್ದಿನಲ್ಲಿ ಬಾಯಿಯಿಂದ ಮಾತಾಡುವುದು ಸಾಧ್ಯವೇ ಇರಲಿಲ್ಲ. ಹಾಗಾಗಿ ಗಿರಣಿಗೆ ಬರುವವರೆಲ್ಲ ಕೈಯಿಂದ ಮಾತಾಡುತ್ತಿದ್ದರು. ಹೆಂಗಸರು ತಲೆಯ ಮೇಲಿನ ಪುಟ್ಟಿ ಇಳಿಸುವ ಮೊದಲೇ ಅಜ್ಜನ ಕಡೆ ನೋಡಿ ಎರಡು ಅಂಗೈ ತಟ್ಟಿದರೆ ಜೋಳ, ರೊಟ್ಟಿ ಬಡಿಯುವುದು ಹಾಗೆ ತಾನೇ. ಲಟ್ಟಿಸಿದಂತೆ ಮಾಡಿದರೆ ಗೋದಿ. ಹೆಬ್ಬೆರಳು ತೋರುಬೆರಳು ಸೇರಿಸಿ ಉಜ್ಜಿದರೆ ಸಣ್ಣಗೆ ಬೀಸಬೇಕು, ಉಗುರಿನಿಂದ ಕೆರೆದಂತೆ ಮಾಡಿದರೆ ತರಿತರಿಯಾಗಿ. ತೋರುಬೆರಳು ಸುತ್ತಿದರೆ ಗಿರಣಿ ಚಾಲೂ ಇದೆ. ಮೇಲಿನ ಡಬ್ಬದಲ್ಲಿ ಕಾಳು ಮುಗಿದು ಕಲ್ಲು ಬರಿದೇ ತಿರುಗತೊಡಗಿದರೆ ಅಜ್ಜ ಎರಡೂ ಅಂಗೈಗಳನ್ನು ಒಂದಕ್ಕೊಂದು ಒರೆಸಿ ಕೊಡವುತ್ತಿದ್ದ. ಮುಗೀತು, ಖಾಲಿ ಆಯ್ತು, ಮುಂದಿನವರು ಬರ್ರಿ ಎಂದು ಅರ್ಥ. ಇದೆಲ್ಲ ಗಿರಣಿಯೊಳಗಷ್ಟೇ ಉಳಿದಿದ್ದರೆ ನಡೆಯುತ್ತಿತ್ತು. ಆದರೆ ನಮ್ಮ ಮನೆಯವರಿಗೆ ಅದು ಚಟವಾಗಿ ಹೋಗಿತ್ತು. ಇಂಜಿನ್ನು ಬಂದಾದ ಮೇಲೂ ಉಪ್ಪು ಬೇಕಾದರೆ ಚಿಟಿಕೆ ತೋರಿಸುತ್ತಿದ್ದೆವು, ನೀರಿಗೆ ಹೆಬ್ಬೆರಳು ಬಾಯಿಯ ಕಡೆ. ಒಂದು ಸಲ ಯಾವುದೋ ಮದುವೆಯ ಪಂಕ್ತಿಯಲ್ಲಿ ನಾವು ಹೀಗೆ ಊಟ ಮಾಡುತ್ತಿದ್ದುದನ್ನು ನೋಡಿ ಒಬ್ಬ ಅಜ್ಜಿ ಮರುಗಿದ್ದಳಂತೆ: "ಪಾಪ, ಮನಿತನಕ್ಕ ಮನಿತನಾನೇ ಮೂಕ ಅದ." ಅವ್ವ ಅದನ್ನು ಹೇಳಿ ಹೇಳಿ ನಗುತ್ತಿದ್ದಳು.

ನೀಲಾ ಅತ್ತಿ ಅಪ್ಪನ ತಂಗಿ. ನಮ್ಮೆಲ್ಲರಿಗಿಂತ ಅವಳ ಕೈ ಜೋರು. ಅವಳ ಕೈಗಳು ಸುಮ್ಮನಿದ್ದದ್ದನ್ನು ಯಾರೂ ನೋಡಿರಲಿಲ್ಲ. ನಿದ್ದೆಯಲ್ಲೂ ಬೆರಳುಗಳು ಏನೋ ಹೇಳುತ್ತಿದ್ದವು, ಪಕ್ಕದಲ್ಲಿ ಮಲಗುತ್ತಿದ್ದ ನಾನೇ ಅದಕ್ಕೆ ಸಾಕ್ಷಿ. ಮದುವೆಯಾಗಿ ಹೋದ ಮನೆಯವರು ಅವಳ ಮೇಲೆ ಹೊರಿಸುತ್ತಿದ್ದ ತಪ್ಪೂ ಅದೊಂದೇ. ಸೊಸೆ ಒಳ್ಳೆಯವಳು, ಆದರೆ ಕೈ ಆಡಿಸುತ್ತಾಳೆ. ಅವಳ ಗಂಡ ಹೊಲದಲ್ಲಿ ಹಾವು ಕಡಿದು ತೀರಿಕೊಂಡ. ಆ ಮನೆಯವರು ಅವಳನ್ನು ಒಂದು ಟ್ರಂಕಿನ ಜೊತೆ ಜೇವರ್ಗಿಗೆ ಬಿಟ್ಟುಹೋದರು. ಆಗ ಅವಳಿಗೆ ಇಪ್ಪತ್ತೂ ತುಂಬಿರಲಿಲ್ಲ. ಕೆಲವು ದಿನ ಗೋಡೆ ನೋಡುತ್ತ ಕೂತಳು. ಆಮೇಲೊಂದು ಬೆಳಿಗ್ಗೆ ಎದ್ದು, ಮದುವೆಗಾಗಿ ಬಿಡಿಸಿದ್ದ ಶಾಲೆಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ, ಹಿಟ್ಟು ಝಾಡಿಸಿ, ಓದಲು ಶುರುಮಾಡಿದಳು. ಮೆಟ್ರಿಕ್ ಪಾಸಾದರೆ ನರ್ಸ್ ತರಬೇತಿಗೆ ಸೇರಬಹುದೆಂದು ಯಾರೋ ಹೇಳಿದ್ದರು. ಉಳಿದ ವಿಷಯಗಳೆಲ್ಲ ಒಂದೇ ಸಲಕ್ಕೆ ದಾಟಿದವು. ಇಂಗ್ಲಿಷ್ ಮಾತ್ರ ಹಿಡಿದುಕೊಂಡಿತು, ಎರಡು ಸಲ ಕೂತರೂ ಬಿಡಲಿಲ್ಲ.

ಅಷ್ಟರಲ್ಲಿ ಬಳಗದವರು ಹವಳಗಾ ಎಂಬ ಊರಿನಿಂದ ಒಂದು ಸಂಬಂಧದ ಮಾತು ತಂದರು. ಹೆಂಡತಿ ತೀರಿಹೋದ, ಕಬ್ಬಿನ ಹೊಲವಿದ್ದ ಒಬ್ಬರು, ಮೂರು ಮಕ್ಕಳು, ಉಡಕಿ ಮಾಡಿಕೊಳ್ಳಲು ತಯಾರಿದ್ದರು. ಉಡಕಿ ಎಂದರೆ ನಮ್ಮ ಕಡೆ ಗಂಡ ಸತ್ತವಳನ್ನು ಸದ್ದುಗದ್ದಲವಿಲ್ಲದೆ ಸೀರೆ ಉಡಿಸಿ ಇನ್ನೊಂದು ಮನೆಗೆ ಕಳಿಸುವ ಮದುವೆ. ಅವರು ಒಮ್ಮೆ ಮನೆಗೂ ಬಂದಿದ್ದರು. ಕೆಟ್ಟವರೆಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ತಲೆ ತಗ್ಗಿಸಿ ಕೂತು, ಚಹಾ ಕುಡಿದು, ನನಗೊಂದು ಬೆಲ್ಲದ ಹೆಂಟೆ ಕೊಟ್ಟು ಹೋದರು. ಅವರ ಕೊನೆಯ ಮಗುವಿಗೆ ಇನ್ನೂ ಹಲ್ಲು ಬಂದಿರಲಿಲ್ಲವಂತೆ. ಅಜ್ಜನಿಗೆ ಮರುಕ ಎರಡೂ ಕಡೆ ಹರಿಯುತ್ತಿತ್ತು. ಅವತ್ತು ಸಂಜೆ ಇಂಜಿನ್ನು ನಿಲ್ಲಿಸಿ, ಅತ್ತಿಯನ್ನು ಕರೆದು ಬಾಯಿಬಿಟ್ಟೇ ಹೇಳಿದ. ಕೈಯಿಂದ ಹೇಳುವ ಮಾತು ಅದಾಗಿರಲಿಲ್ಲ.

"ನೋಡು ನೀಲಾ, ನಾ ಇನ್ನೆಷ್ಟು ದಿನ ಇರ್ತೇನಿ? ಈ ಸಲ ಪಾಸ್ ಆದ್ರ ನಿನ್ನ ದಾರಿ ನಿಂದು, ಯಾರೂ ಅಡ್ಡ ಬರಂಗಿಲ್ಲ. ಆಗಲಿಲ್ಲಂದ್ರ ಹವಳಗಾದವ್ರಿಗೆ ಹೂಂ ಅಂತೇನಿ."

ಅತ್ತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. "ಆತಪ್ಪಾ" ಎಂದಳು, ಅಷ್ಟೇ. ಒಳಗೆ ಬಂದು ಒಲೆಯ ಮುಂದೆ ಕೂತಾಗ ಅವ್ವ ಅವಳ ಬೆನ್ನ ಮೇಲೆ ಕೈಯಿಟ್ಟಳು. "ನಾ ಹೋಗಾಕ ಒಲ್ಲೆ ವೈನಿ. ಅವ್ರು ಚಲೋ ಇರಬೋದು. ಆದ್ರ ಇನ್ನೊಂದ ಮನ್ಯಾಗ ಹೋಗಿ ಕೈ ಕಟ್ಟಿಕೊಂಡು ಕೂಡೋದು ನನ್ನ ಕೈಲೆ ಆಗಂಗಿಲ್ಲ" ಎಂದು ಅತ್ತು, ಅಳುತ್ತಲೇ ಅವ್ವನ ಮುಂದಿನ ಹಿಟ್ಟು ಎಳೆದುಕೊಂಡು ರೊಟ್ಟಿ ಬಡಿದಳು. ಅವತ್ತಿನ ರೊಟ್ಟಿ ಬಹಳ ತೆಳ್ಳಗೆ ಬಂದಿದ್ದವು.

ಅವಳನ್ನು ಎರಡು ಸಲ ಕೆಡವಿದ್ದು ಯಾವ ಪಾಠವೋ ಪದ್ಯವೋ ಆಗಿರಲಿಲ್ಲ. ಇದೇ 'ರನ್'ನಂಥ ಶಬ್ದಗಳು. ವಾಕ್ಯಗಳನ್ನು ಕೊಟ್ಟು, ಆ ಕ್ರಿಯಾಪದವನ್ನು ತೆಗೆದು ಅದೇ ಅರ್ಥ ಕೊಡುವ ಬೇರೆ ಶಬ್ದ ಬರೆಯಿರಿ ಎಂದು ಕೇಳುತ್ತಿದ್ದರು. ಅತ್ತಿಗೆ ರನ್ ಎಂದರೆ ಓಡುವುದು, ಅಷ್ಟೇ. ಹೊಳೆ ಓಡುತ್ತದೆ, ಕಾರ್ಖಾನೆ ಓಡುತ್ತದೆ, ಜ್ವರ ಓಡುತ್ತದೆ. ಎಲ್ಲವನ್ನೂ ಓಡಿಸಿ ಬಂದಿದ್ದಳು. "ಇಂಗ್ಲಿಷ್‌ನವ್ರಿಗೆ ಶಬ್ದಗಳ ಬರಗಾಲ ಬಿದ್ದಿತ್ತೇನು, ಒಂದೇ ಅಂಗಿ ಮನಿಮಂದಿಗೆಲ್ಲ ತೊಡಸ್ಯಾರ" ಎಂದು ಬೈಯುತ್ತ, ಹರಿದ ಗೈಡನ್ನು ಹಿಡಿದು ಗಿರಣಿಯಲ್ಲಿ ಕಾಳಿನ ಚೀಲದ ಮೇಲೆ ಕೂತು ಬಾಯಿಪಾಠ ಮಾಡುತ್ತಿದ್ದಳು. ಆದರೆ ಆ ಸದ್ದಿನಲ್ಲಿ ಅವಳ ಬಾಯಿಪಾಠ ಅವಳಿಗೇ ಕೇಳಿಸುತ್ತಿರಲಿಲ್ಲ. ಆಗಲೇ ಅವಳ ಕೈ ಆ ಕೆಲಸವನ್ನು ತಾನು ತೆಗೆದುಕೊಂಡದ್ದು.

ಒಂದೊಂದು ಅರ್ಥಕ್ಕೂ ಒಂದೊಂದು ಸನ್ನೆ ಮಾಡಿದಳು. ಮನುಷ್ಯ ಓಡಿದರೆ ಅಂಗೈ ಮೇಲೆ ಎರಡು ಬೆರಳು ಟಕಟಕ ಓಡಬೇಕು. ಯಂತ್ರ ನಡೆದರೆ ತೋರುಬೆರಳು ಪಟ್ಟಾದಂತೆ ಸುತ್ತಬೇಕು, ಆಗ ಬರೆಯಬೇಕಾದದ್ದು 'ವರ್ಕ್'. ಹೊಳೆ ಹರಿದರೆ ಕೊಳವೆಯಿಂದ ಹಿಟ್ಟು ಇಳಿಯುವಂತೆ ಮಣಿಕಟ್ಟು ಬಾಗಿಸಿ ಬೆರಳುಗಳನ್ನು ಕೆಳಗೆ ಬಿಡಬೇಕು, ಅದು 'ಫ್ಲೋ'. ಅಂಗಡಿಯನ್ನೋ ಗಿರಣಿಯನ್ನೋ ನಡೆಸಿದರೆ ಅದು 'ಮ್ಯಾನೇಜ್', ಅದಕ್ಕೆ ಮೀಸೆ ತಿರುವಬೇಕು. ಅಜ್ಜನಿಗೆ ಇದು ಗೊತ್ತಾದ ಮೇಲೆ ಅವನು ಮೀಸೆ ಮುಟ್ಟಿದಾಗಲೆಲ್ಲ ನಾವು ನಗುತ್ತಿದ್ದೆವು, ಅವನೂ ಬೇಕೆಂದೇ ಮುಟ್ಟುತ್ತಿದ್ದ. ಜ್ವರ ಏರಿದರೆ ಬಿಸಿ ಹಿಟ್ಟು ನೋಡುವಂತೆ ಅಂಗೈಯ ಹಿಂಭಾಗವನ್ನು ಕುತ್ತಿಗೆಗೆ. ಸೀರೆಯ ಬಣ್ಣ ಬಿಟ್ಟರೆ ಸೆರಗು ಚಿವುಟುವುದು. ಇದ್ದದ್ದು ತೀರಿಹೋದರೆ ನಮ್ಮ ಹಳೆಯದೇ, ಎರಡು ಅಂಗೈ ಒರೆಸುವುದು. ಊಟವಾದ ಮೇಲೆ ಅವ್ವ ಗೈಡಿನ ವಾಕ್ಯವನ್ನು ತಡವರಿಸುತ್ತ ಓದುತ್ತಿದ್ದಳು, ಅತ್ತಿ ಸನ್ನೆ ಮಾಡುತ್ತಿದ್ದಳು, ಸನ್ನೆ ಸರಿಯಾದ ಮೇಲೆ ಬಾಯಿಗೆ ಇಂಗ್ಲಿಷ್ ಶಬ್ದ ಬರುತ್ತಿತ್ತು. ನನಗಿನ್ನೂ ಇಂಗ್ಲಿಷ್ ಅಕ್ಷರ ಪೂರ್ತಿ ಬರುತ್ತಿರಲಿಲ್ಲ, ಆದರೆ ಆ ಒಂದು ಶಬ್ದದ ಅರ್ಥಗಳಷ್ಟೂ ಬರುತ್ತಿದ್ದವು. ಓಡಿಹೋಗುವುದು ಎಂಬುದೂ ಅದರಲ್ಲಿ ಇತ್ತು. ಅದಕ್ಕೆ ಏನು ಮಾಡುವುದೆಂದು ಅತ್ತಿ ಯೋಚಿಸುತ್ತಿದ್ದಾಗ ಅವ್ವ ಹೆಬ್ಬೆರಳನ್ನು ಭುಜದ ಮೇಲಿಂದ ಹಿಂದಕ್ಕೆ ಎಸೆದು, "ಹಿಂಗ ಮಾಡು, ಹವಳಗಾದ ಬಸ್ ಬಂದ ಕೂಡ್ಲೇ" ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಅತ್ತಿ ಗೈಡಿನ ಮುಂದಿನ ಹಾಳೆ ತಿರುವಿದಳು.

ಪರೀಕ್ಷೆ ಊರಿನ ಒಂದು ಶಾಲೆಯಲ್ಲಿತ್ತು. ಅಜ್ಜ ಅವತ್ತು ಗಿರಣಿ ಬಂದ್ ಮಾಡಿ, ಧೋತರ ಬದಲಿಸಿ, ನನ್ನನ್ನೂ ಕರೆದುಕೊಂಡು ಶಾಲೆಯ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಕೂತ. ಒಳಗೆ ನಡೆದದ್ದನ್ನು ಆಮೇಲೆ ಅತ್ತಿಯೂ ಹೇಳಿದಳು, ಆ ಶಾಲೆಯ ಜವಾನ ಮಹಿಬೂಬ್ ಚಾಚಾನೂ ಜೀವವಿರುವತನಕ ಗಿರಣಿಗೆ ಬಂದಾಗಲೆಲ್ಲ ಹೇಳಿದ, ಹೀಗಾಗಿ ನಾನೇ ಕಣ್ಣಾರೆ ಕಂಡಂತಿದೆ. ಪ್ರಶ್ನೆ ಬಂದಿತ್ತು. ಅದೇ ಪ್ರಶ್ನೆ, ಅದೇ ಶಬ್ದ. ಅತ್ತಿ ವಾಕ್ಯ ಓದಿದಳು, ಹಳ್ಳದ ನೀರಿನ ಮಾತು. ಉತ್ತರ ಗೊತ್ತು, ಬಾಯಿಗೆ ಬರುತ್ತಿಲ್ಲ. ಪೆನ್ನು ಕೆಳಗಿಟ್ಟು ಕೈ ಎತ್ತಿ ಬೆರಳುಗಳನ್ನು ಕೆಳಗೆ ಇಳಿಬಿಟ್ಟಳು. ಶಬ್ದ ಬಂತು, ಬರೆದಳು. ಮುಂದಿನದಕ್ಕೆ ಬೆರಳು ಸುತ್ತಿದಳು, ಬರೆದಳು. ಮೀಸೆ ತಿರುವಿದಳು. ಅಷ್ಟರಲ್ಲಿ ಮೇಲ್ವಿಚಾರಣೆಗೆ ಬೇರೆ ಊರಿನಿಂದ ಬಂದಿದ್ದ ಮೇಷ್ಟ್ರು ಹಿಂದಿನಿಂದ ಬಂದು ಅವಳ ಪೇಪರಿಗೆ ಕೈ ಹಾಕಿದರು. ಇಡೀ ಕೋಣೆಗೆ ಸನ್ನೆ ಮಾಡಿ ಉತ್ತರ ಹೇಳಿಕೊಡುತ್ತಿದ್ದಾಳೆ ಎಂದು ಅವರು ತಿಳಿದರು. ಅವರನ್ನು ತಪ್ಪು ಎನ್ನಲಾರೆ. ಪರೀಕ್ಷೆಯ ಕೋಣೆಯಲ್ಲಿ ಒಬ್ಬ ಹೆಂಗಸು ಕೂತಲ್ಲೇ ಇಲ್ಲದ ಮೀಸೆ ತಿರುವಿದರೆ ಯಾವ ಮೇಷ್ಟ್ರಾದರೂ ಏನು ತಿಳಿಯಬೇಕು?

ಪೇಪರ್ ಕಸಿದುಕೊಂಡು ಅತ್ತಿಯನ್ನು ಹೊರಗಿನ ಪಡಸಾಲೆಯಲ್ಲಿ ನಿಲ್ಲಿಸಿದರು, ಕೇಂದ್ರದ ಹಿರಿಯ ಮೇಷ್ಟ್ರು ಬರುವತನಕ. ಪಡಸಾಲೆಯ ಇನ್ನೊಂದು ತುದಿಯಲ್ಲಿ ನೀರಿನ ಕೊಡ ಹಿಡಿದು ಬರುತ್ತಿದ್ದ ಮಹಿಬೂಬ್ ಚಾಚಾ ಅವಳನ್ನು ನೋಡಿದ. ಅವನ ಮನೆಯ ಜೋಳ ನಮ್ಮ ಗಿರಣಿಯಲ್ಲೇ ಬೀಸುತ್ತಿದ್ದುದು. ಏನಾಯಿತೆಂದು ಅವನು ಅಂಗೈ ಮೇಲೆ ಮಾಡಿ ದೂರದಿಂದಲೇ ಕೇಳಿದ. ಅತ್ತಿ ಎರಡು ಅಂಗೈಗಳನ್ನು ಒರೆಸಿ ತೋರಿಸಿದಳು. ಎಲ್ಲ ಮುಗೀತು. ಇದನ್ನೂ ಆ ಮೇಷ್ಟ್ರು ನೋಡಿದರು! ಜವಾನನೂ ಈ ಕಾಪಿಯ ಜಾಲದಲ್ಲಿದ್ದಾನೆ ಎಂದು ಅವರ ಧ್ವನಿ ಇನ್ನೂ ಏರಿತು. ಹಿರಿಯ ಮೇಷ್ಟ್ರು ಬಂದಾಗ ಚಾಚಾ ಕೊಡ ಕೆಳಗಿಟ್ಟು, ತಲೆಯ ಟೋಪಿ ಸರಿಮಾಡಿಕೊಂಡು ಮುಂದೆ ಬಂದ.

"ಸಾಹೇಬ್ರ, ಇವ್ರು ಗಿರಣಿ ಮಂದಿರಿ. ಇವ್ರಿಗೆ ಅಲ್ಲಾ ಎರಡು ನಾಲಿಗಿ ಕೊಟ್ಟಾನ್ರಿ, ಎರಡೂ ಕೈಯಾಗ. ನಾ ಹಿಟ್ಟಿಗೆ ಹೋದ್ರ ನಾನೂ ಹಿಂಗ ಮಾತಾಡ್ತೇನ್ರಿ. ಖರೇ ಸುಳ್ಳ ನೋಡಬೇಕಂದ್ರ ಆ ಹುಡುಗಿಗೆ ಒಬ್ಬಾಕಿಗೇ ಕೂಡ್ಸಿ ನೋಡ್ರಿ."

ಹಿರಿಯ ಮೇಷ್ಟ್ರು ಅತ್ತಿಯನ್ನು ನೋಡಿದರು. "ಆ ಮೀಸಿ ತಿರುವಿದ್ದು ಏನವಾ?" ಎಂದು ಕೇಳಿದರು. ಅತ್ತಿ ತಲೆ ತಗ್ಗಿಸಿ, "ಅದು ಮ್ಯಾನೇಜ್ ರಿ. ನಮ್ಮಪ್ಪ ಗಿರಣಿ ನಡಸ್ತಾನ್ರಿ, ಅವಂಗ ಮೀಸಿ ಅದರಿ" ಎಂದಳಂತೆ. ಅವರು ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುವ ನೆವ ಮಾಡಿ ಆ ಕಡೆ ತಿರುಗಿದರು. ಆಮೇಲೆ ಅವಳ ಪೇಪರನ್ನು ವಾಪಸು ಕೊಡಿಸಿ, ಪಡಸಾಲೆಯಲ್ಲೇ ಒಂದು ಬೆಂಚು ಹಾಕಿಸಿ, ಗೋಡೆಗೆ ಮುಖಮಾಡಿ ಕೂಡಿಸಿದರು. ಪೇಪರ್ ಕಸಿದಿದ್ದ ಮೇಷ್ಟ್ರು ತಾವೇ ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ಹೊತ್ತು ಬಹಳ ಹೋಗಿತ್ತು, ಹೋದ ಹೊತ್ತನ್ನು ಯಾರೂ ತಿರುಗಿ ಕೊಡಲಿಲ್ಲ. ಗೇಟಿನ ಹೊರಗೆ ನಮಗೆ ಇದೇನೂ ಗೊತ್ತಿರಲಿಲ್ಲ. ಕಂಬಿಗಳ ನಡುವೆ ಇಣುಕಿದ ನನಗೆ ದೂರದ ಪಡಸಾಲೆಯಲ್ಲಿ ಅತ್ತಿಯ ಬೆನ್ನು ಕಂಡಿತು, ಅವಳ ಕೈ ಮೇಲೆದ್ದು ಗಾಳಿಯಲ್ಲಿ ಸುತ್ತುತ್ತಿದ್ದುದು ಕಂಡಿತು. "ಅಜ್ಜಾ, ಅತ್ತಿ ಗಿರಣಿ ಚಾಲೂ ಮಾಡ್ಯಾಳ" ಎಂದೆ. ಅಜ್ಜ ಎದ್ದು ಬಂದು ಕಂಬಿ ಹಿಡಿದು ನೋಡಿದ. ಅಳಿಯನ ಹೆಣದ ಮುಂದೆಯೂ ಗಟ್ಟಿಯಾಗಿ ನಿಂತಿದ್ದನೆಂದು ಎಲ್ಲರೂ ಹೇಳುತ್ತಿದ್ದ ಅಜ್ಜನ ಕಣ್ಣಲ್ಲಿ ಅವತ್ತು ನೀರಿತ್ತು.

ಫಲಿತಾಂಶ ಬರುವತನಕ ಮನೆಯಲ್ಲಿ ಯಾರೂ ಹವಳಗಾದ ಹೆಸರು ಎತ್ತಲಿಲ್ಲ. ಅತ್ತಿ ಪೂರ್ತಿ ಬರೆಯಲಾಗಿರಲಿಲ್ಲ, ಕೊನೆಯ ಪ್ರಶ್ನೆಗಳನ್ನು ಬಿಟ್ಟು ಬಂದಿದ್ದಳು. ತಾನು ಹೋಗುವುದು ಖಾತ್ರಿ ಎಂದುಕೊಂಡು ನನಗೆ ಟ್ರಂಕಿನಲ್ಲಿದ್ದ ತನ್ನ ಹಳೆಯ ಗಾಜಿನ ಬಳೆಗಳನ್ನೂ ಕೊಟ್ಟುಬಿಟ್ಟಿದ್ದಳು. ಫಲಿತಾಂಶದ ದಿನ ಒಬ್ಬಳೇ ಶಾಲೆಗೆ ಹೋದಳು. ಗಿರಣಿಯಲ್ಲಿ ಸಂತೆಯ ಗದ್ದಲ, ಹೆಂಗಸರ ಪುಟ್ಟಿಗಳು ಬಾಗಿಲತನಕ ಸಾಲು ಹಿಡಿದಿದ್ದವು. ಇಂಜಿನ್ನು ಹೊಡೆದುಕೊಳ್ಳುತ್ತಿತ್ತು, ಅಜ್ಜ ಕಲ್ಲಿನ ಹತ್ತಿರ ಮುಖವೆಲ್ಲ ಬೆಳ್ಳಗೆ ಮಾಡಿಕೊಂಡು ನಿಂತಿದ್ದ. ಅತ್ತಿ ರಸ್ತೆಯ ಕಡೆಯ ಬಾಗಿಲಲ್ಲಿ ಕಾಣಿಸಿಕೊಂಡಳು. ಅಷ್ಟು ಜನರ ತಲೆಗಳ ಮೇಲಿಂದ ಕೈಯೆತ್ತಿ, ಅಂಗೈ ಮೇಲೆ ಎರಡು ಬೆರಳು ಓಡಿಸಿದಳು. ಓಡಿದವು, ಓಡಿದವು, ಅಂಗೈ ದಾಟಿ, ತೋಳು ಹತ್ತಿ, ಭುಜದ ಮೇಲೆ ಹೋಗಿ ನಿಂತವು.

ಗಿರಣಿ ಮಂದಿಗೆಲ್ಲ ಅರ್ಥವಾಯಿತು. ಅಜ್ಜನಿಗೆ ಎಲ್ಲರಿಗಿಂತ ಮೊದಲು ಆಗಿರಬೇಕು. ಆದರೆ ಅವನು ಮಾಡಿದ್ದು ಬೇರೆ. ನಡೆಯುವ ಗಿರಣಿಯನ್ನು ಮೇಲಿನ ಡಬ್ಬದಲ್ಲಿ ಕಾಳಿರುವಾಗ ನಿಲ್ಲಿಸಬಾರದು, ಅದು ಅವನದೇ ಕಾಯ್ದೆ. ಯಾರದೋ ಜೋಳ ಅರ್ಧ ಬೀಸಿದ್ದಾಗಲೇ ಅವನು ಹೋಗಿ ಇಂಜಿನ್ನು ಬಂದ್ ಮಾಡಿದ. ಸದ್ದು ಇಳಿದು ಇಳಿದು ನಿಂತಿತು. ಅಷ್ಟು ಜನರ ನಡುವೆ ಅಷ್ಟು ನಿಶ್ಶಬ್ದವನ್ನು ನಾನು ಅಲ್ಲಿ ಕೇಳಿದ್ದು ಅದೊಂದೇ ಸಲ. ಅಜ್ಜ ಹೆಗಲಿನ ಟಾವೆಲಿನಿಂದ ಕಿವಿಗಳನ್ನು ಒರೆಸಿಕೊಂಡ.

"ಏನಂದಿ? ಬಾಯಿಲೇ ಹೇಳು ಬೇ. ನಾ ಕೇಳ್ಬೇಕು."

"ಪಾಸ್ ಆದೆ, ಅಪ್ಪಾ" ಎಂದಳು ಅತ್ತಿ.

"ಇನ್ನೊಮ್ಮಿ ಹೇಳು."

ಮತ್ತೆ ಹೇಳಿದಳು. ಅರ್ಧ ಹಿಟ್ಟಿನ ಪುಟ್ಟಿಯ ಒಡತಿ ಕೂಡ ಸಿಟ್ಟಾಗಲಿಲ್ಲ, ಅವಳೇ ಮೊದಲು ಅತ್ತಿಯ ದೃಷ್ಟಿ ತೆಗೆದು ಲಟಿಗೆ ಮುರಿದಳು.

ತರಬೇತಿ ಮುಗಿಸಿ ಅತ್ತಿ ಅಫಜಲಪುರ ತಾಲೂಕಿನ ಚೌಡಾಪುರದಲ್ಲಿ ನರ್ಸ್ ಆದಳು. ರಸ್ತೆ ಬದಿಯ ಆ ಊರಿನ ಸಣ್ಣ ಆರೋಗ್ಯ ಕೇಂದ್ರದಲ್ಲೇ ಬಹಳ ವರ್ಷ ಇದ್ದಳು. ಹೆರಿಗೆಯ ನೋವಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ, ಆದರೆ ಕೈ ಕಾಣುತ್ತದೆ ಎನ್ನುತ್ತಿದ್ದಳು. ಉಸಿರು ಹಿಡಿ, ಬಿಡು, ಇನ್ನೊಂದೇ ಸಲ, ಎಲ್ಲಕ್ಕೂ ಅವಳ ಬಳಿ ಸನ್ನೆಗಳಿದ್ದವು. ಆ ಕಡೆಯ ಹೆಂಗಸರು ಅವಳನ್ನು ಕೈಯಕ್ಕ ಎಂದೇ ಕರೆಯುತ್ತಿದ್ದರು. ಮತ್ತೆ ಮದುವೆಯಾಗಲಿಲ್ಲ. ಹವಳಗಾದವರಿಗೂ ಬೇರೆ ಕಡೆ ಒಳ್ಳೆಯದೇ ಆಯಿತು. ಅವರ ಮನೆಯ ಸೊಸೆಯೊಬ್ಬಳ ಹೆರಿಗೆ ಇವಳ ಕೈಯಲ್ಲೇ ಆಯಿತೆಂದು ನಗುತ್ತ ಹೇಳಿದ್ದಳು.

ಗಿರಣಿ ಹೋದದ್ದು ಹೀಗೆ ಎಂದು ಒಂದು ದಿನವನ್ನು ತೋರಿಸಲಾರೆ. ಓಣಿ ಓಣಿಗೆ ಕರೆಂಟಿನ ಸಣ್ಣ ಗಿರಣಿಗಳು ಬಂದವು, ಪುಟ್ಟಿಗಳ ಸಾಲು ಗಿಡ್ಡವಾಯಿತು, ಇಂಜಿನ್ನು ವಾರಕ್ಕೊಮ್ಮೆ ಮಾತಾಡಿತು, ಆಮೇಲೆ ಮಾತು ಬಿಟ್ಟಿತು. ಅಜ್ಜನ ಕಿವಿ ಹೋದದ್ದೂ ಹಾಗೆಯೇ. ಜೀವಮಾನವಿಡೀ ಆ ಸದ್ದಿನ ಪಕ್ಕದಲ್ಲಿ ನಿಂತವನಿಗೆ ಕಿವಿ ಎಲ್ಲಿ ಉಳಿಯಬೇಕು! ತಮಾಷೆ ಎಂದರೆ ಅದು ನಮಗೆ ಬಹಳ ಕಾಲ ಗೊತ್ತೇ ಆಗಲಿಲ್ಲ, ಅವನ ಜೊತೆ ಬಾಯಿಯಿಂದ ಮಾತಾಡುತ್ತಿದ್ದವರು ಮನೆಯಲ್ಲಿ ಯಾರಿದ್ದರು? ರಜೆಗೆ ಅತ್ತಿ ಬಂದರೆ ತಂದೆ ಮಗಳು ನಿಂತ ಗಿರಣಿಯ ಕಟ್ಟೆಯ ಮೇಲೆ ಕೂತು ಸಂಜೆಯವರೆಗೂ ಹರಟುತ್ತಿದ್ದರು, ಒಂದು ಸಪ್ಪಳವಿಲ್ಲದೆ. ಅಜ್ಜ ಹೋದ. ಅಪ್ಪ ಹೋದ. ಅವ್ವ ಹೋಗುವಾಗ ನನ್ನ ಕಡೆ ನೋಡಿ ಹೆಬ್ಬೆರಳನ್ನು ಭುಜದ ಮೇಲಿಂದ ಹಿಂದಕ್ಕೆ ಎಸೆದಳು. ಸಾಯುವಾಗಲೂ ಅವಳಿಗೆ ಚೇಷ್ಟೆಯೇ. ಮನೆ ಮಾರಿದೆವು. ಆ ಜಾಗದಲ್ಲಿ ಈಗ ಸಿಮೆಂಟು ಕಬ್ಬಿಣದ ಅಂಗಡಿ ಇದೆ, ಗಿಡ್ಡ ಬಾಗಿಲಿದ್ದ ಕಡೆ ಶಟರ್ ಇದೆ. ಬಸ್ಸಿನಲ್ಲಿ ಹೋಗುವಾಗ ಆ ಕಡೆ ನೋಡಬಾರದು ಎಂದುಕೊಳ್ಳುತ್ತೇನೆ, ನೋಡುತ್ತೇನೆ. ನಿಮಗೂ ಅಂಥದೊಂದು ತಿರುವು ಇರಬಹುದು, ಬಸ್ಸು ಹೊರಳಿದಾಗ ಕತ್ತು ತಾನೇ ಹೊರಳುವಂಥದು. ನೋಡನೋಡುತ್ತಿದ್ದಂತೆ ಆ ಕೈಮಾತು ಬಲ್ಲವರು ಅತ್ತಿ ಮತ್ತು ನಾನು ಇಬ್ಬರೇ ಉಳಿದೆವು.

ಬಜಾರಿನಿಂದ ಮನೆಗೆ ಬಂದ ಮೇಲೆ ಇದನ್ನೆಲ್ಲ ಮಗಳಿಗೆ ಹೇಳಿದೆ. ಫೋನು ಬದಿಗಿಟ್ಟು ಎಲ್ಲ ಸನ್ನೆಗಳನ್ನೂ ಮಾಡಿ ನೋಡಿದಳು. ಮೀಸೆ ತಿರುವುವುದು ಅವಳಿಗೆ ಬಹಳ ಹಿಡಿಸಿತು. ಖಾಲಿಯಾಗುವುದಕ್ಕೆ ಏನು ಎಂದು ಕೇಳಿದಾಗ ನನ್ನ ಕೈ ಏಳಲಿಲ್ಲ. ಯಾಕೆ ಎಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಹೇಳಿ ಮುಗಿಸುತ್ತೇನೆ.

ನಿವೃತ್ತಿಯಾದ ಮೇಲೆ ಅತ್ತಿಯನ್ನು ಆಳಂದಕ್ಕೆ ಕರೆತಂದು ನಮ್ಮ ಮನೆಯ ಪಕ್ಕದಲ್ಲೇ ಇರಿಸಿಕೊಂಡಿದ್ದೆ. ಅವಳ ಕೈ ಸದಾ ಆಡುವುದನ್ನು ಮಗಳು ಕಂಡಿದ್ದಳು, ಮುದುಕಿಯ ಚಟವೆಂದುಕೊಂಡಿದ್ದಳು, ಅದು ಮಾತೆಂದು ಗೊತ್ತಿರಲಿಲ್ಲ. ಮಗಳು ಬೇಸಿಗೆ ರಜೆಗೆ ಅವಳ ದೊಡ್ಡಪ್ಪನ ಊರಿಗೆ ಹೋದಾಗ ಅತ್ತಿಗೆ ಲಕ್ವ ಹೊಡೆಯಿತು. ಮಾತು ಹೋಯಿತು, ಎಡಗೈ ಹೋಯಿತು. ಡಾಕ್ಟರು ಮಾತು ಹೋದದ್ದಕ್ಕೆ ಬೇಸರ ಮಾಡಿಕೊಂಡರು, ನಾನು ಎಡಗೈ ಹೋದದ್ದಕ್ಕೆ ಅತ್ತೆ. ಬಲಗೈ ಇತ್ತು. ಅದರಲ್ಲೇ ನೀರು ಕೇಳುತ್ತಿದ್ದಳು, ಫ್ಯಾನು ಕೇಳುತ್ತಿದ್ದಳು, ನನ್ನ ಗಂಡನ ಚಹಾವನ್ನು ಹೀಯಾಳಿಸುತ್ತಿದ್ದಳು. ಒಂದು ಮಧ್ಯಾಹ್ನ ಗಂಜಿ ಕುಡಿಸಿ ಬಾಯಿ ಒರೆಸಿದ ಮೇಲೆ ಬಲಗೈಯನ್ನು ನನ್ನ ಕಡೆ ಚಾಚಿದಳು, ಅಂಗೈ ಅಡ್ಡವಾಗಿ ಹಿಡಿದು. ಏನು ಬೇಕು ಎಂದು ಕೇಳಿದೆ. ಅಂಗೈಯನ್ನು ಹಾಗೆಯೇ ಹಿಡಿದು ಕಾದಳು. ಅವಳು ತನ್ನ ಸತ್ತ ಎಡಗೈಯನ್ನೊಮ್ಮೆ ನೋಡಿ ಮತ್ತೆ ನನ್ನನ್ನು ನೋಡಿದಾಗ ತಿಳಿಯಿತು. ಅವಳು ಹೇಳಬೇಕೆಂದಿದ್ದ ಮಾತಿಗೆ ಎರಡು ಅಂಗೈ ಬೇಕು. ಎರಡನೆಯದನ್ನು ನನ್ನಿಂದ ಕೇಳುತ್ತಿದ್ದಳು.

ನಾನು ಒರೆಸಲಿಲ್ಲ. ನನ್ನ ಅಂಗೈಯನ್ನು ಅವಳ ಅಂಗೈಗೆ ಹಚ್ಚಿ ಗಟ್ಟಿಯಾಗಿ ಹಿಡಿದುಕೊಂಡೆ, ಅಲ್ಲಾಡಲು ಬಿಡಲಿಲ್ಲ. ಇನ್ನೊಂದು ಕೈಯ ತೋರುಬೆರಳನ್ನು ಎತ್ತಿ ಅವಳ ಕಣ್ಣಮುಂದೆ ಸುತ್ತಿದೆ. ಚಾಲೂ ಅದ ಅತ್ತಿ, ಇನ್ನೂ ಚಾಲೂ ಅದ. ಅವಳು ಆ ಬೆರಳನ್ನು ಬಹಳ ಹೊತ್ತು ನೋಡಿದಳು. ಅರ್ಧ ಮುಖದಿಂದ ನಕ್ಕಳು, ಸುಳ್ಳು ಹೇಳಿದ ಹುಡುಗಿಯನ್ನು ನೋಡಿ ನಗುವಂತೆ.

ಅದೇ ವಾರ ಹೋದಳು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಗೋಡೆಗೆ ಒರಗಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂ ಏರಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟರು, ಬಲಗೈಯನ್ನು ತೊಡೆಯ ಮೇಲಿಟ್ಟರು. ಚೌಡಾಪುರದಿಂದ ಬಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಗ್ಗಿ ಆ ಬಲಗೈ ಮುಟ್ಟಿ ಹೋಗುತ್ತಿದ್ದರು. ನಾನು ಎದುರಿಗೆ ಕೂತು ಸಂಜೆಯವರೆಗೂ ನೋಡಿದೆ. ನೀಲಾ ಅತ್ತಿಯ ಕೈಗಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.